ಮೂರ್ತಪ್ಪ ತುಂಬಿದ ಮೂವತ್ತೊಂಬತ್ತು ಫಾರಂ

ಹೊಳಲ್ಕೆರೆಯ ತಾಲ್ಲೂಕು ಕಚೇರಿಯ ಒಳಗೆ ಎಷ್ಟು ಮೇಜುಗಳಿವೆ ಎಂಬ ವಿಚಾರ ನಮಗೆ ಬೇಡ. ಊರಿನ ಜನಕ್ಕೆ ಬೇಕಾಗಿದ್ದ ಮೇಜು ಕಾಂಪೌಂಡಿನ ಹೊರಗೆ, ಹೊಂಗೆ ಮರದ ಕೆಳಗಿತ್ತು. ಅದರ ಹಿಂದೆ ಹದಿನೆಂಟು ವರ್ಷಗಳಿಂದ ಕೂತಿದ್ದವನು ಅರ್ಜಿ ಬರೆಯುವ ಮೂರ್ತಪ್ಪ. ಮುಂದೆ ಒಂದು ಬೆಂಚು, ಬೆಂಚಿನ ಪಕ್ಕದಲ್ಲಿ ಸಾಲು. ಮೇಜಿನ ಮೂಲೆಗೆ ದಾರ ಕಟ್ಟಿ ತೂಗುಹಾಕಿದ ಸಣ್ಣ ಬೋರ್ಡು. ಅದರ ಒಂದು ಮಗ್ಗುಲಲ್ಲಿ 'ಒಳಗಿದ್ದಾರೆ' ಎಂದೂ ಇನ್ನೊಂದು ಮಗ್ಗುಲಲ್ಲಿ 'ಊಟದ ವಿರಾಮ' ಎಂದೂ ಬರೆಸಿದ್ದ. ಬಯಲಲ್ಲಿ ಕೂರುವ ಮನುಷ್ಯ ಯಾವುದರ ಒಳಗಿದ್ದಾನೆ ಎಂದು ಯಾರೂ ಕೇಳಿರಲಿಲ್ಲ. 'ಊಟದ ವಿರಾಮ'ದ ಮಗ್ಗುಲನ್ನಂತೂ ಯಾರೂ ನೋಡಿಯೇ ಇರಲಿಲ್ಲ. ಮೂರ್ತಪ್ಪ ಮಧ್ಯಾಹ್ನ ಮಂಡಕ್ಕಿ ಮೆಲ್ಲುತ್ತಲೇ ಬರೆಯುತ್ತಿದ್ದ. ಬೋರ್ಡು ಇದ್ದದ್ದು ಗೌರವಕ್ಕೆ.

ಬರೆಯುವಾಗ ಅವನು ತಲೆ ಎತ್ತುತ್ತಿರಲಿಲ್ಲ. ಸಾಲಿನಲ್ಲಿ ಯಾರು ಬಂದರು, ಯಾರು ಅತ್ತರು, ಯಾರು ಯಾರ ಜುಟ್ಟು ಹಿಡಿದರು ಎಂಬುದು ಅವನಿಗೆ ಬೇಕಿರಲಿಲ್ಲ. ಮೇಜಿನ ಮೇಲೆ ನೆರಳು ಬಿದ್ದರೆ ಸಾಕು, 'ಆಧಾರ್ ಜೆರಾಕ್ಸ್ ಇಟ್ಕಂಡು ಸಾಲಲ್ಲಿ ಬರ್ರಿ' ಎಂದು ಬಾಯಿ ತಾನಾಗಿಯೇ ಹೇಳುತ್ತಿತ್ತು. ಒಮ್ಮೆ ಮೇಜಿನ ಮೇಲಿನ ಕಾಗದಕ್ಕೆ ಬಾಯಿ ಹಾಕಲು ಬಂದ ಹಸುವಿಗೂ ಹಾಗೆಯೇ ಹೇಳಿದ್ದ. ಹಸು ಹೊರಟುಹೋಯಿತು, ಅದರ ಹತ್ತಿರ ಜೆರಾಕ್ಸ್ ಇರಲಿಲ್ಲ.

ಮೂರ್ತಪ್ಪನಿಗೆ ಒಂದು ಸಿದ್ಧಾಂತವಿತ್ತು. "ಸರ್ಕಾರದ ಕಾಗದದಾಗೆ ಸುಖವಾಗಿದ್ದೀನಿ ಅಂತ ಬರೆದೋನಿಗೆ ಇವತ್ತಿನವರೆಗೂ ಒಂದು ಸೂಜಿ ಸಿಕ್ಕಿಲ್ಲ ಕಣ್ರಿ" ಎನ್ನುತ್ತಿದ್ದ. ಈ ಸಿದ್ಧಾಂತದ ಪ್ರಕಾರ ಅವನು ಮೂಡಲಗಿರಿಯಪ್ಪನ ಪಿಂಚಣಿ ಅರ್ಜಿಯನ್ನು ಎಷ್ಟು ಕರುಣಾಜನಕವಾಗಿ ಬರೆದಿದ್ದನೆಂದರೆ, ಸ್ಥಳ ತನಿಖೆಗೆ ಬಂದ ನೌಕರರು ಕಣ್ಣು ಒರೆಸಿಕೊಂಡು, ಸಾಯುವ ಮನುಷ್ಯನನ್ನು ಬರಿಗೈಯಲ್ಲಿ ನೋಡಬಾರದೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು. ಮೂಡಲಗಿರಿಯಪ್ಪ ಆಗ ಹುಣಸೆ ಮರದ ತುದಿಯಲ್ಲಿ ನಿಂತು ಕೊಂಬೆ ಜಾಡಿಸುತ್ತಿದ್ದ. ಅಲ್ಲಿಂದಲೇ, "ಏನ್ ಸ್ವಾಮಿ, ಯಾರಿಗೆ ಹುಷಾರಿಲ್ಲ?" ಎಂದು ಕೇಳಿದ. ಅಂದಿನಿಂದ ಮೂರ್ತಪ್ಪ ತನ್ನ ಸಿದ್ಧಾಂತಕ್ಕೆ ಒಂದು ತಿದ್ದುಪಡಿ ಸೇರಿಸಿದ: ಅರ್ಜಿ ಬರೆದರೆ ಸಾಲದು, ತನಿಖೆಯ ದಿನ ಹೇಗಿರಬೇಕೆಂದು ಅರ್ಜಿದಾರರಿಗೆ ಪಾಠವನ್ನೂ ಹೇಳಬೇಕು.

ಇಂಥ ಮನುಷ್ಯನ ಕೈಗೆ ಒಂದು ಸೋಮವಾರ ಹೊಸ ಫಾರಂ ಬಂತು.

ತಂದವಳು ಮುದ್ದಕ್ಕ. ಅವಳ ಮಗ ನಿರಂಜನ್ ಪೇಟೆಯ ಶಾಲೆಯಲ್ಲಿ ನಾಲ್ಕನೇ ತರಗತಿ. (ಶಾಲೆಯ ಹೆಸರು ಬೇಡ. ಹೆಸರು ಹೇಳಿದರೆ ಹೆಡ್ ಮೇಷ್ಟ್ರು ಈರಬಸಪ್ಪ ನಮಗೂ ನೋಟೀಸು ಕಳಿಸುತ್ತಾರೆ.) ಫಾರಂನ ತಲೆಯ ಮೇಲೆ 'ಶಾಲಾ ವಯಸ್ಸಿನ ಮಕ್ಕಳಲ್ಲಿ ಬಾಂಧವ್ಯದ ತೊಂದರೆಗಳ ಪತ್ತೆಗಾಗಿ ಪೋಷಕರ ಪ್ರಶ್ನಾವಳಿ' ಎಂದಿತ್ತು. ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ, 'ಪೋಷಕರು ಬೇರೆ ಯಾರೊಂದಿಗೂ ಚರ್ಚಿಸದೆ, ಏಕಾಂತದಲ್ಲಿ ಭರ್ತಿ ಮಾಡತಕ್ಕದ್ದು. ಉತ್ತರಗಳನ್ನು ಗೋಪ್ಯವಾಗಿಡಲಾಗುವುದು' ಎಂದಿತ್ತು. ಈ ಸಾಲನ್ನು ಮೂರ್ತಪ್ಪ ಇಡೀ ಸಾಲಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದ. ಸಾಲಿನವರು ಗುಟ್ಟು ಕೇಳಲು ಹತ್ತಿರ ಬಂದರು.

"ಇದೇನ್ ಮೂರ್ತಣ್ಣ, ಏನ್ ಕೊಡ್ತಾರಂತೆ?" ಎಂದಳು ಮುದ್ದಕ್ಕ.

"ತೊಂದರೆ ಏನೈತೆ ಅಂತ ಕೇಳವ್ರೆ. ಸರ್ಕಾರ ಸುಮ್ ಸುಮ್ನೆ ತೊಂದರೆ ಕೇಳಲ್ಲ ಮುದ್ದಕ್ಕ. ಕೇಳ್ತೈತೆ ಅಂದ್ರೆ ಏನೋ ಕೊಡಾಕೆ ಕುಂತೈತೆ ಅಂತ ಅರ್ಥ." ಮೂರ್ತಪ್ಪ ಕನ್ನಡಕ ಏರಿಸಿದ. "ಒಂದನೇ ಪ್ರಶ್ನೆ. ಪೆಟ್ಟಾದಾಗ ಅಥವಾ ಹೆದರಿದಾಗ ಮಗು ನಿಮ್ಮ ಬಳಿಗೆ ಬರುತ್ತದೆಯೇ?"

"ಬರ್ದೇ ಎಲ್ಲೋಗ್ತಾನೆ? ಬಂದ್ ತಕ್ಷಣ ಇನ್ನೊಂದು ಬಿಡ್ತೀನಿ, ಗೋಡೆ ಹತ್ತಬ್ಯಾಡ ಅಂದಿರ್ಲಿಲ್ವಾ ಅಂತ. ಆಮ್ಯಾಕೆ ಇಬ್ರೂ ಕುಂತ್ಕಂಡು ಅಳ್ತೀವಿ."

"ಎರಡನೇದು. ಗುರುತಿಲ್ಲದವರ ಜೊತೆ ಹಿಂಜರಿಕೆಯಿಲ್ಲದೆ ಹೋಗಿಬಿಡುತ್ತದೆಯೇ?"

"ಈ ಊರಾಗೆ ಗುರುತಿಲ್ದೋರು ಯಾರವ್ರೆ ಮೂರ್ತಣ್ಣ? ಮೊನ್ನೆ ಬೆಡ್‌ಶೀಟ್ ಮಾರಾಕೆ ಬಂದಿದ್ನಲ್ಲ, ಅವನೂ ನಮ್ ತಾಯಿ ಕಡೆಯೋನೇ ಅಂತ ಗೊತ್ತಾಗಿ ಊಟಕ್ಕೆ ಇಕ್ಕಿ ಕಳಿಸ್ದೆ."

ಮೂರ್ತಪ್ಪ ಪೆನ್ನು ಕೆಳಗಿಟ್ಟ. ಅನುಭವಿ ವೈದ್ಯರು ರೋಗಿಯ ಮುಖ ನೋಡುವಂತೆ ಅವಳನ್ನು ನೋಡಿದ. "ಮುದ್ದಕ್ಕ, ಹಿಂಗೆಲ್ಲ ಇದ್ದದ್ದು ಇದ್ದಂಗೆ ಹೇಳಿದ್ರೆ ನಿನ್ ಫಾರಂ ಮೊದಲ್ನೇ ರೌಂಡಿಗೇ ಬಿದ್ದೋಗ್ತೈತೆ. ಚೆನ್ನಾಗಿರೋರಿಗೆ ಯಾರು ಕೊಡ್ತಾರೆ? ನೀನ್ ಸುಮ್ನಿರು, ನಾನ್ ಬರೀತೀನಿ."

ಬರೆದ. ಪೆಟ್ಟಾದಾಗ ಬರುತ್ತದೆಯೇ? ಎಂದೂ ಇಲ್ಲ. ಗುರುತಿಲ್ಲದವರ ಜೊತೆ ಹೋಗುತ್ತದೆಯೇ? ಯಾವಾಗಲೂ. ನೀವು ಮನೆಗೆ ಬಂದಾಗ ಸಂತೋಷಪಡುತ್ತದೆಯೇ? ಎಂದೂ ಇಲ್ಲ. ಮೂವತ್ತು ಪ್ರಶ್ನೆ ಮುಗಿದ ಮೇಲೆ 'ಇತರೆ ವಿವರ' ಎಂಬ ಖಾಲಿ ಜಾಗ ಕಂಡಿತು. ಖಾಲಿ ಜಾಗ ಕಂಡರೆ ಮೂರ್ತಪ್ಪನ ಪೆನ್ನು ನಿಲ್ಲುವ ಜಾತಿಯದಲ್ಲ. 'ತಮ್ಮ ಸನ್ನಿಧಾನದಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ, ಸದರಿ ಮಗುವು ಹೆತ್ತ ತಾಯಿಯನ್ನು ಮೂರಡಿ ದೂರದಿಂದ ನೋಡಿಯೂ ಗುರುತಿಸದೆ, ಯಾರವ್ವ ನೀನು ಎಂದು ಕೇಳುವುದರಿಂದ, ಸದರಿ ತಾಯಿಯು ಅನ್ನಾಹಾರ ಬಿಟ್ಟು ಕಣ್ಣೀರಿನಲ್ಲಿ ಕೈ ತೊಳೆಯುತ್ತಿದ್ದು, ತಾವು ದಯಮಾಡಿ ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ.' ಓದಿ ಹೇಳಿದಾಗ ಮುದ್ದಕ್ಕನಿಗೆ ನಿಜವಾಗಿಯೂ ಅಳು ಬಂತು. ಮನೆಗೆ ಹೋಗಿ ನಿರಂಜನನ ಎರಡೂ ಕೆನ್ನೆ ಹಿಡಿದು, "ಲೇ, ನಾನ್ ಯಾರು ಹೇಳಲೇ" ಎಂದು ಕೇಳಿದಳಂತೆ.

ಸಂಜೆಯೊಳಗೆ ಸುದ್ದಿ ಪೇಟೆಗೆಲ್ಲ ಹರಡಿತು. ಯೋಜನೆಗೆ ಜನರೇ 'ಬಾಂಧವ್ಯ ಭಾಗ್ಯ' ಎಂದು ಹೆಸರಿಟ್ಟರು. ಕೆಲವರು ಕುಕ್ಕರ್ ಎಂದರು, ಕೆಲವರು ಹೊಲಿಗೆ ಯಂತ್ರ ಎಂದರು. ತಾಯಿಯನ್ನು ಗುರುತಿಸದ ಮಗುವಿಗೂ ಹೊಲಿಗೆ ಯಂತ್ರಕ್ಕೂ ಏನು ಸಂಬಂಧ ಎಂದು ಕೇಳುವಷ್ಟು ಅಧಿಕಪ್ರಸಂಗಿಗಳು ಆ ಸಾಲಿನಲ್ಲಿರಲಿಲ್ಲ. ಮೂರು ದಿನದಲ್ಲಿ ಮೂವತ್ತೆಂಟು ಫಾರಂ ಆಯಿತು. ಮೂವತ್ತೆಂಟನೆಯದು ಈರಬಸಪ್ಪ ಮೇಷ್ಟ್ರ ಮೊಮ್ಮಗನದು. ಮೇಷ್ಟ್ರು ಸ್ವತಃ ಬಂದು, "ನಮ್ದೂ ಒಂದು ಸೇರಿಸ್ಬಿಡ್ರಿ ಮೂರ್ತಪ್ಪ. ಆದ್ರೆ ಭಾಷೆ ಸ್ವಲ್ಪ ಶುದ್ಧವಾಗಿರ್ಲಿ, ಹೆಡ್ ಮೇಷ್ಟ್ರ ಮನೆ ನೋಡಿ" ಎಂದು ಹೇಳಿ ಹೋದರು.

ಉಳಿದದ್ದು ಒಂದೇ ಒಂದು. ನಾಲ್ಕನೇ ತರಗತಿಯ ಮೂವತ್ತೊಂಬತ್ತನೇ ಮಗು ಸುಷ್ಮಿತಾ, ಮೂರ್ತಪ್ಪನ ಒಬ್ಬಳೇ ಮಗಳು.

ಅವಳ ಫಾರಂ ತುಂಬುವಾಗ ಮೂರ್ತಪ್ಪನಿಗೆ ತನ್ನ ಅಂತಸ್ತು ಜ್ಞಾಪಕಕ್ಕೆ ಬಂತು. ಊರಿಗೆಲ್ಲ ಅರ್ಜಿ ಬರೆಯುವವನು ತಾನೇ ಅರ್ಜಿದಾರನಾಗಿ ಕೈ ಚಾಚುವುದೇ? ಮನೆಯ ಪಡಸಾಲೆಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಗುರುತು ಹಾಕತೊಡಗಿದ. ಅಡಿಗೆಮನೆಯಿಂದ ಹೆಂಡತಿ ಅನುಸೂಯ, "ಏನ್ರಿ, ಅವಳ್ನ ಒಂದ್ ಮಾತು ಕೇಳಿ ಬರೀರಿ" ಎಂದಳು.

"ಮಗಳ ವಿಚಾರ ಅಪ್ಪನಿಗೆ ಗೊತ್ತಿರಲ್ಲೇನು?"

"ನಿಮಗೇನ್ ಗೊತ್ತೈತೆ? ಅವಳ ಗೆಳತಿ ಹೆಸರೇನು ಹೇಳ್ರಿ ನೋಡಾಣ."

'ಮಗುವಿನ ಆಪ್ತ ಸ್ನೇಹಿತರು ಯಾರು?' ಎಂಬ ಪ್ರಶ್ನೆ ಆಗ ತಾನೇ ಎದುರಿಗಿತ್ತು. ಮೂರ್ತಪ್ಪ ಹಿಂದೆಮುಂದೆ ನೋಡದೆ 'ಎಲ್ಲರೂ' ಎಂದು ಬರೆದ. ಆ ಹೊತ್ತಿಗೆ ಸುಷ್ಮಿತಾ ಬಾಗಿಲಲ್ಲಿ ಬಂದು ನಿಂತಳು. ಅವಳ ಮೊಣಕಾಲಿಗೆ ಯಾರೋ ಅರಿಶಿಣ ಮೆತ್ತಿ, ಹಳೆಯ ಸೀರೆಯ ಅಂಚಿನಿಂದ ದೊಡ್ಡದೊಂದು ಪಟ್ಟಿ ಕಟ್ಟಿದ್ದರು. ಕುಂಟಿಕೊಂಡು ಬಂದು ಅಪ್ಪನ ಎದುರು ಸ್ವಲ್ಪ ಹೊತ್ತು ನಿಂತಳು. ಅಪ್ಪ ತಲೆ ಎತ್ತಲಿಲ್ಲ. ಅವನು ಒಂದನೇ ಪ್ರಶ್ನೆಗೆ ಮರಳಿ ಹೋಗಿ, 'ಪೆಟ್ಟಾದಾಗ ಮಗು ನಿಮ್ಮ ಬಳಿಗೆ ಬರುತ್ತದೆಯೇ?' ಎಂಬುದರ ಎದುರಿಗೆ 'ಯಾವಾಗಲೂ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದ.

"ಬೆಳಕಿಗೆ ಅಡ್ಡ ಬರಬ್ಯಾಡ ಪಾಪು" ಎಂದ.

ಸುಷ್ಮಿತಾ ಪಕ್ಕಕ್ಕೆ ಸರಿದಳು.

ಫಾರಂಗಳು ಚಿತ್ರದುರ್ಗಕ್ಕೆ ಹೋದವು. ಅಲ್ಲಿ ಹೊಸದಾಗಿ ಶುರುವಾಗಿದ್ದ ಬಾಂಧವ್ಯ ತಪಾಸಣಾ ಘಟಕದ ಮುಖ್ಯಸ್ಥರು ಜಯಕುಮಾರ್. ಅವರಿಗೆ ಮಕ್ಕಳೆಂದರೆ ಇಷ್ಟ, ಶೇಕಡಾವಾರು ಎಂದರೆ ಪ್ರಾಣ. ಕಂಪ್ಯೂಟರು ಹೊಳಲ್ಕೆರೆಯ ಫಲಿತಾಂಶ ಕೊಟ್ಟಾಗ ಅವರು ಕುರ್ಚಿಯಿಂದ ಎದ್ದು ನಿಂತರಂತೆ. ನೂರಕ್ಕೆ ತೊಂಬತ್ತೇಳು ಮಕ್ಕಳಿಗೆ ತೀವ್ರ ತೊಂದರೆ! ಬೇರೆ ಊರುಗಳಿಂದ ಎರಡು ಮೂರು ಬಂದಿದ್ದರೆ ಹೆಚ್ಚು. ಘಟಕದಲ್ಲಿ ಆಪ್ತ ಸಲಹೆಗಾರ್ತಿಯಾಗಿದ್ದ ಶಾಲಿನಿ ಎಂಬ ಹುಡುಗಿ ಫಾರಂಗಳನ್ನು ಹರಡಿಕೊಂಡು, "ಸರ್, ಮೂವತ್ತೊಂಬತ್ತೂ ಒಂದೇ ಕೈಬರಹ" ಎಂದಳು.

ಜಯಕುಮಾರ್ ಒಂದು ಕ್ಷಣ ಯೋಚಿಸಿ, "ಒಂದೇ ಊರಿನವರಲ್ವೇನಮ್ಮ" ಎಂದರು.

"ಮೂವತ್ತೆಂಟು ಮಕ್ಕಳೂ 'ಯಾರವ್ವ ನೀನು' ಅಂತಲೇ ಕೇಳಿದ್ದಾರೆ ಸರ್."

"ನೋಡಿದ್ಯಾ? ಲಕ್ಷಣ ಎಷ್ಟು ಸ್ಪಷ್ಟವಾಗಿದೆ!"

ಹೀಗೆ ವಿಜ್ಞಾನ ಮುಂದುವರಿಯಿತು. ಘಟಕ ಬರುವ ಶುಕ್ರವಾರ ಖುದ್ದಾಗಿ ಶಾಲೆಗೆ ಭೇಟಿ ಕೊಡುವುದೆಂದೂ, ಇಂಥ ಊರಲ್ಲಿ ಇದ್ದೂ ಒಂದೇ ಒಂದು ತೊಂದರೆಯಿಲ್ಲದೆ ಮಗಳನ್ನು ಬೆಳೆಸಿದ ಶ್ರೀ ಮೂರ್ತಪ್ಪನವರನ್ನು 'ಆದರ್ಶ ತಂದೆ' ಎಂದು ಶಾಲು ಹೊದಿಸಿ ಸನ್ಮಾನಿಸುವುದೆಂದೂ ಈರಬಸಪ್ಪ ಮೇಷ್ಟ್ರಿಗೆ ಪತ್ರ ಬಂತು.

ಮೂರ್ತಪ್ಪ ಆ ಪತ್ರದ ಜೆರಾಕ್ಸ್ ಮಾಡಿಸಿ ಹೊಂಗೆ ಮರಕ್ಕೆ ಅಂಟಿಸಿದ. ನೆಂಟರಿಗೆಲ್ಲ ಫೋನು ಮಾಡಿದ. ಆದಿವಾಲದಲ್ಲಿದ್ದ ಅನುಸೂಯಳ ತಮ್ಮ ದುರ್ಗೇಶ್, "ಭಾರಿ ಸಂತೋಷ ಭಾವ, ಇಲ್ಲಿ ಎಲ್ಲಾರಿಗೂ ಹೇಳೀನಿ. ಒಂದೇ ಒಂದು ಅನುಮಾನ. ಪಾಪು ಈಗ ಯಾವ ಕ್ಲಾಸು?" ಎಂದ.

"ಮೂರು... ಅಲ್ಲ, ಅದೇ, ಮುಂದಿನ್ದು" ಎಂದ ಮೂರ್ತಪ್ಪ.

"ನಾಲ್ಕು!" ಎಂದು ಅಡಿಗೆಮನೆಯಿಂದ ಕೂಗಿದ ದನಿ ಆದಿವಾಲದವರೆಗೆ ಫೋನಿಲ್ಲದೆಯೂ ಕೇಳಿಸುವಂತಿತ್ತು.

ಗುರುವಾರ ಸಂಜೆ ಆಂಜನೇಯನ ಗುಡಿಯ ಕಟ್ಟೆಯ ಮೇಲೆ ಮೂರ್ತಪ್ಪ ತಾಯಂದಿರ ಸಭೆ ಕರೆದ. "ನಾಳೆ ಸ್ಥಳ ತನಿಖೆ" ಎಂದು ಶುರು ಮಾಡಿದ. "ಮೂಡಲಗಿರಿಯಪ್ಪ ಮಾಡಿದ ತಪ್ಪು ನೀವ್ ಮಾಡಬ್ಯಾಡ್ರಿ. ಮಕ್ಕಳ್ನ ಎತ್ಕಳಂಗಿಲ್ಲ. ಮೂಗು ಒರೆಸಂಗಿಲ್ಲ. ತಲೆ ಸವರಂಗಿಲ್ಲ. ಮಕ್ಕಳು ಒಂದ್ ಕಡೆ, ನೀವ್ ಒಂದ್ ಕಡೆ. ಅವು ಅತ್ತರೆ ಆಕಾಶ ನೋಡ್ರಿ."

"ಎಷ್ಟೊತ್ತು ನೋಡ್ಬೇಕು ಮೂರ್ತಣ್ಣ?" ಎಂದು ಯಾರೋ ಕೇಳಿದರು.

"ಜೀಪು ಹೋಗೋವರೆಗೂ."

ಶುಕ್ರವಾರ ಹನ್ನೊಂದಕ್ಕೆ ಜೀಪು ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಮೇಜಿನ ಮೇಲೆ ತಟ್ಟೆಯಲ್ಲಿ ಒಂದು ಶಾಲು. ಎಡಗಡೆ ಮೂವತ್ತೆಂಟು ತಾಯಂದಿರು ಕೈ ಹಿಂದಕ್ಕೆ ಕಟ್ಟಿಕೊಂಡು, ಬಲಗಡೆ ಮೂವತ್ತೆಂಟು ಮಕ್ಕಳು ಕೈ ಮುಂದಕ್ಕೆ ಕಟ್ಟಿಕೊಂಡು ಕೂತಿದ್ದರು. ನಡುವೆ ಹತ್ತು ಅಡಿ ಜಾಗ. ಆ ಹತ್ತು ಅಡಿಯನ್ನು ನೋಡಿದ ಕೂಡಲೆ ಜಯಕುಮಾರ್ ಪೆನ್ನು ಹೊರತೆಗೆದರು. "ಎಂಥ ಅಂತರ!" ಎಂದು ಉದ್ಗರಿಸಿ, ಟೇಪು ತರಿಸಿ ಅಳೆಸಿದರು.

ನೀರು ಕುಡಿದು ಬರಲು ಎದ್ದ ನಿರಂಜನ್ ಮೈಕಿನ ವೈರಿಗೆ ಕಾಲು ಸಿಕ್ಕಿಸಿಕೊಂಡು ದಬ್ಬನೆ ಬಿದ್ದದ್ದು ಆಗಲೇ. ಮೊಣಕೈ ತರಚಿತು. ಹುಡುಗ ಅಮ್ಮನ ಕಡೆ ನೋಡಿದ. ಮುದ್ದಕ್ಕ ಆಕಾಶ ನೋಡಿದಳು. ಅಲ್ಲಿ ಶಾಮಿಯಾನ ಇತ್ತು, ಅದನ್ನೇ ನೋಡಿದಳು. ಹುಡುಗನ ತುಟಿ ನಡುಗಿತು. ಮೂರ್ತಪ್ಪ ದೂರದಿಂದ ಕಣ್ಣಲ್ಲೇ, ಭಲೇ, ಹಂಗೇ ಇರು ಎಂದು ಹೇಳುತ್ತಿದ್ದ. ಜಯಕುಮಾರ್ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ನಿರಂಜನ್, "ಅವ್ವಾ" ಎಂದ.

"ನಿನ್ ಕುಕ್ಕರ್ ಮನೆ ಹಾಳಾಗ!" ಎಂದು ಕಿರುಚಿ ಮುದ್ದಕ್ಕ ಹತ್ತು ಅಡಿಯನ್ನು ಒಂದೇ ನೆಗೆತಕ್ಕೆ ದಾಟಿದಳು. ಮಗನನ್ನು ಎತ್ತಿ, ಬೆನ್ನಿಗೆ ಒಂದು ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿ, ಅಪ್ಪಿಕೊಂಡಳು. ಇಬ್ಬರೂ ಅತ್ತರು. ಅದನ್ನು ನೋಡಿ ಮಿಕ್ಕ ಮೂವತ್ತೇಳು ತಾಯಂದಿರಿಗೂ ತಡೆಯಲಾಗಲಿಲ್ಲ. ಎರಡು ನಿಮಿಷದಲ್ಲಿ ಯಾವ ಮಗು ಯಾವ ಸೆರಗಿನೊಳಗೆ ಇದೆ ಎಂದು ಹೇಳುವುದೇ ಕಷ್ಟವಾಯಿತು. ಈರಬಸಪ್ಪ ಮೇಷ್ಟ್ರು ಕೂಡ ಶಿಸ್ತು ಮರೆತು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು.

ಇಷ್ಟಾದ ಮೇಲಾದರೂ ಘಟಕ ವಾಪಸ್ಸು ಹೋಗಬಹುದೆಂದು ನೀವು ಅಂದುಕೊಂಡರೆ ನಿಮಗೆ ಘಟಕಗಳ ವಿಚಾರ ಗೊತ್ತಿಲ್ಲ. ಜಯಕುಮಾರ್ ತಮ್ಮ ಕೈಪಿಡಿ ತೆಗೆದು ಪುಟ ಹನ್ನೊಂದಕ್ಕೆ ಹೋದರು. "ಅತಿಯಾಗಿ ಅಂಟಿಕೊಳ್ಳುವುದು. ಇದೂ ಲಕ್ಷಣವೇ" ಎಂದು ಮೈಕಿನಲ್ಲಿ ಘೋಷಿಸಿದರು. "ಯಾರೂ ಹೆದರಬೇಡಿ. ಚಿಕಿತ್ಸೆ ಇದೆ. ಹನ್ನೆರಡು ಶನಿವಾರ, ತಾಯಿ ಮಗು ಇಬ್ಬರೂ ಬೆಳಿಗ್ಗೆ ಒಂಬತ್ತರಿಂದ ಐದರವರೆಗೆ ದುರ್ಗಕ್ಕೆ ಬರಬೇಕು. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಕಲಿಸುತ್ತೇವೆ."

"ಕುಕ್ಕರ್?" ಎಂದು ಹಿಂದಿನಿಂದ ಒಂದು ದನಿ ಕೇಳಿತು.

"ಏನು ಕುಕ್ಕರ್?" ಎಂದರು ಜಯಕುಮಾರ್.

ಮೂವತ್ತೆಂಟು ತಾಯಂದಿರು ನಿಧಾನವಾಗಿ ಮೂರ್ತಪ್ಪನ ಕಡೆ ತಿರುಗಿದರು. ಮೂರ್ತಪ್ಪ ಆಕಾಶ ನೋಡಿದ.

"ನಮ್ಮ ಮಕ್ಕಳ್ನೆಲ್ಲ ರೋಗಿ ಮಾಡ್ಬಿಟ್ಟು ತನ್ನ ಮಗಳ್ನ ಮಾತ್ರ ಬಂಗಾರ ಮಾಡ್ಯಾನೆ ನೋಡ್ರೇ!" ಎಂದಳು ಮುದ್ದಕ್ಕ. "ಇನ್ಮ್ಯಾಲೆ ಇವನ ಮೇಜಿನ ಹತ್ರ ಯಾರಾದ್ರೂ ಹೋದ್ರೆ ಕೇಳ್ರಿ!"

ಹದಿನೆಂಟು ವರ್ಷದ ಮೇಜು ಕಣ್ಣೆದುರಿಗೆ ಕುಸಿಯುತ್ತಿರುವಂತೆ ಕಂಡಿತು ಮೂರ್ತಪ್ಪನಿಗೆ. ಅವನನ್ನು ಉಳಿಸಬಹುದಾಗಿದ್ದದ್ದು ಈಗ ಆ ಶಾಲು ಒಂದೇ. ಶಾಲು ಹೊದ್ದವನನ್ನು ಹೊಡೆಯಲು ಜನ ಒಂದು ಗಳಿಗೆಯಾದರೂ ಯೋಚನೆ ಮಾಡುತ್ತಾರೆ. ಅವನು ಯಾರೂ ಕರೆಯುವ ಮೊದಲೇ ವೇದಿಕೆ ಹತ್ತಿ ಕುತ್ತಿಗೆ ಬಗ್ಗಿಸಿ ನಿಂತ. ಜಯಕುಮಾರ್ ಶಾಲು ಹೊದಿಸಿದರು. ಈರಬಸಪ್ಪ ಮೇಷ್ಟ್ರೊಬ್ಬರೇ ಚಪ್ಪಾಳೆ ತಟ್ಟಿ, ಸುತ್ತ ನೋಡಿ, ನಿಲ್ಲಿಸಿದರು.

ಆಗ ಶಾಲಿನಿ ಒಂದು ಹಾಳೆ ಹಿಡಿದುಕೊಂಡು ಬಂದಳು. "ಸರ್, ಪ್ರಶ್ನಾವಳಿಯಲ್ಲಿ ಮಕ್ಕಳ ಭಾಗವೂ ಇದೆ. ಐದೇ ಪ್ರಶ್ನೆ. ಆದರ್ಶ ತಂದೆಯವರ ಮಗಳಿಂದಲೇ ಇಲ್ಲಿ ಬರೆಸಿ ಓದಿದರೆ ಎಲ್ಲರಿಗೂ ಮಾದರಿ ಆಗುತ್ತೆ" ಎಂದಳು. ಹೇಳುವಾಗ ಅವಳು ನೋಡುತ್ತಿದ್ದದ್ದು ಮೂರ್ತಪ್ಪನ ಜೇಬಿನಲ್ಲಿದ್ದ ಪೆನ್ನನ್ನು.

"ಅದ್ಭುತ!" ಎಂದರು ಜಯಕುಮಾರ್.

ಸುಷ್ಮಿತಾ ಕುಂಟುತ್ತ ವೇದಿಕೆ ಹತ್ತಿದಳು. ಮೈಕಿನ ಪಕ್ಕದ ಮೇಜಿನಲ್ಲಿ ಕೂತು ಪೆನ್ಸಿಲ್ ಹಿಡಿದಳು. ಒಂದನೇ ಪ್ರಶ್ನೆ ಓದಿದಳು. ತಲೆ ಎತ್ತಿ ಮೈಕಿಗೆ ಚೆನ್ನಾಗಿ ಕೇಳಿಸುವಂತೆ, "ಅಪ್ಪಾ, ಇದ್ದಿದ್ದು ಬರೀಲಾ, ಸಿಗೋ ಹಂಗೆ ಬರೀಲಾ?" ಎಂದಳು.

ಇಡೀ ಶಾಮಿಯಾನ ಉತ್ತರಕ್ಕೆ ಕಾದಿತು. ಹದಿನೆಂಟು ವರ್ಷದಲ್ಲಿ ಯಾವ ಅರ್ಜಿದಾರರಿಗೂ ಕೊಡದ ಸಲಹೆಯನ್ನು ಮೂರ್ತಪ್ಪ ಅವತ್ತು ಕೊಟ್ಟ. ಶಾಲು ಸರಿಪಡಿಸಿಕೊಂಡು, "ಇದ್ದಿದ್ದೇ ಬರಿ ಪಾಪು" ಎಂದ. ಮಗಳು ಅಪ್ಪನ ಮಾತು ಮೀರುವವಳಲ್ಲ. ಬಗ್ಗಿ ಬರೆದಳು. ಎರಡನೇ ಪ್ರಶ್ನೆಗೆ ಜಾಗವೇ ಇಲ್ಲದಂತೆ ಬರೆದಳು. ಖಾಲಿ ಜಾಗ ಕಂಡರೆ ಬಿಡದ ಗುಣ ಬೇರೆಲ್ಲಿಂದಲೂ ಬಂದದ್ದಲ್ಲ.

ಜಯಕುಮಾರ್ ಹಾಳೆ ಎತ್ತಿಕೊಂಡು ಮೈಕಿನಲ್ಲಿ ಓದಿದರು.

"ಪ್ರಶ್ನೆ: ಪೆಟ್ಟಾದಾಗ ನೀನು ಯಾರ ಬಳಿಗೆ ಹೋಗುತ್ತೀಯ? ಉತ್ತರ: ಆವತ್ತು ಸ್ಕೂಲು ಬಿಟ್ಟ ಮೇಲೆ ಓಡೋವಾಗ ಬಿದ್ದೆ. ರಕ್ತ ಬಂತು. ಅಪ್ಪನ ಹತ್ರ ಹೋದೆ. ಸಾಲು ಇತ್ತು. ನಾನೂ ನಿಂತುಕೊಂಡೆ. ನನ್ನ ಮುಂದೆ ಒಂಬತ್ತು ಜನ ಇದ್ದರು. ಎಲ್ಲರೂ ಆದ ಮೇಲೆ ನನ್ನ ಸರದಿ ಬಂತು. ಅಪ್ಪ ಬರೀತಾ ಇದ್ದರು. ಆಧಾರ್ ಜೆರಾಕ್ಸ್ ಇಟ್ಕಂಡು ಸಾಲಲ್ಲಿ ಬರ್ರಿ ಅಂದರು. ನನ್ನ ಹತ್ರ ಜೆರಾಕ್ಸ್ ಇರಲಿಲ್ಲ. ಅದಕ್ಕೆ ಉಚ್ಚಂಗೆಮ್ಮಜ್ಜಿ ಮನೆಗೆ ಹೋದೆ."

ಕೊನೆಯ ಎರಡು ಸಾಲು ಓದುವ ಹೊತ್ತಿಗೆ ಜಯಕುಮಾರರ ದನಿ ಇಳಿದಿತ್ತು. ಕೈಪಿಡಿಯ ಪುಟಗಳನ್ನು ಮಗುಚಿದರು. ಜೆರಾಕ್ಸ್ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಮೂರ್ತಪ್ಪನನ್ನು ಹರಿದು ತಿನ್ನುವಂತೆ ನೋಡುತ್ತಿದ್ದ ಮುದ್ದಕ್ಕ ಕೂಡ ಮಗನ ಮೊಣಕೈ ಊದುವುದನ್ನು ನಿಲ್ಲಿಸಿದಳು. ಮೂರ್ತಪ್ಪ ಮಗಳ ಮೊಣಕಾಲು ನೋಡಿದ. ಹತ್ತು ದಿನದಿಂದ ಮನೆಯೊಳಗೆ ಓಡಾಡುತ್ತಿದ್ದ ಪಟ್ಟಿಯನ್ನು ಅವನು ನೋಡಿದ್ದು ಆಗಲೇ ಮೊದಲು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. 'ತಮ್ಮ ಸನ್ನಿಧಾನದಲ್ಲಿ' ಎಂಬುದು ಬಿಟ್ಟರೆ ಬೇರೆ ಮಾತು ಬರಲಿಲ್ಲ, ಅದನ್ನೂ ನುಂಗಿದ.

ಮೊದಲು ಮಾತಾಡಿದವಳು ಉಚ್ಚಂಗೆಮ್ಮ. ಮೂರ್ತಪ್ಪನ ಪಕ್ಕದ ಮನೆಯ ಈ ಮುದುಕಿ ಮಂಡಕ್ಕಿ ಹಂಚುತ್ತಾರೆಂದು ಕೇಳಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕೋಲು ಊರಿಕೊಂಡು ಎದ್ದಳು. "ಅರಿಶಿಣ ಹಚ್ಚಿದ್ದು ನಾನು. ಸೀರೆ ಹರಿದಿದ್ದು ನಂದು. ಉಪ್ಪಿಟ್ಟು ಮಾಡಿ ತಿನ್ಸಿದ್ದು ನಾನು. ಶಾಲು ಇವನಿಗ್ಯಾಕ್ರಪ್ಪ?" ಎನ್ನುತ್ತ ವೇದಿಕೆಗೆ ಬಂದು, ಆದರ್ಶ ತಂದೆಯ ಹೆಗಲಿಂದ ಶಾಲನ್ನು ಎಳೆದುಕೊಂಡು, ತಾನೇ ಹೊದ್ದುಕೊಂಡು, ಇಳಿದುಹೋದಳು. ಈ ಸಲದ ಚಪ್ಪಾಳೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತು.

ಘಟಕದ ವರದಿ ಆಗಲೇ ಬೆಂಗಳೂರಿಗೆ ಹೋಗಿಬಿಟ್ಟಿತ್ತು. ಹೋದ ವರದಿಯನ್ನು ವಾಪಸ್ಸು ಕರೆಸುವ ಪದ್ಧತಿ ಇಲ್ಲವೆಂದು ಜಯಕುಮಾರ್ ವಿವರಿಸಿದರು. ಆದರೆ ಶಾಲಿನಿ ಬಹಳ ಹೊತ್ತು ಅವರ ಕಿವಿಯಲ್ಲಿ ಏನೋ ಹೇಳಿದ ಮೇಲೆ, ಹನ್ನೆರಡು ಶನಿವಾರಗಳಿಂದ ವಿನಾಯಿತಿ ಬೇಕಾದವರು, 'ನನಗೂ ನನ್ನ ಮಗುವಿಗೂ ಗುರುತು ಪರಿಚಯ ಚೆನ್ನಾಗಿದೆ' ಎಂದು ಪ್ರತ್ಯೇಕವಾಗಿ ಅರ್ಜಿ ಬರೆದು ಕೊಡತಕ್ಕದ್ದು ಎಂದು ಅಪ್ಪಣೆಯಾಯಿತು.

ಅರ್ಜಿ ಎಂದ ಮೇಲೆ ಹೊಳಲ್ಕೆರೆಯ ಜನ ಎಲ್ಲಿಗೆ ಹೋಗುತ್ತಾರೆ? ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೊಂಗೆ ಮರದ ಕೆಳಗೆ ಮೂವತ್ತೆಂಟು ಜನರ ಸಾಲು. ಎಲ್ಲರಿಗಿಂತ ಮುಂದೆ, ಅವನ ಮೇಜಿನ ಹತ್ತಿರ ಯಾರೂ ಹೋಗಬಾರದೆಂದು ಕಟ್ಟಪ್ಪಣೆ ಮಾಡಿದ್ದ ಮುದ್ದಕ್ಕ. "ಬೈಯೋದು ಆಮ್ಯಾಕೆ ಬೈತೀನಿ, ಮೊದ್ಲು ಬರಿ" ಎಂದಳು. "ಈ ಸರ್ತಿ ಇದ್ದಿದ್ದು ಬರಿ, ಸಾಕು."

ಇದ್ದದ್ದನ್ನು ಬರೆಯುವುದು ಮೂರ್ತಪ್ಪನಿಗೆ ಅಭ್ಯಾಸವಿಲ್ಲದ ಕೆಲಸ. ಎರಡು ಹಾಳೆ ಹರಿದು ಎಸೆದ. ಮೂರನೆಯದರಲ್ಲಿ, 'ಸದರಿ ಮಗುವಿಗೆ ನಾನೇ ಹೊಡೆದು ನಾನೇ ಅಪ್ಪಿಕೊಳ್ಳುವುದು ವಾಡಿಕೆ' ಎಂದು ಬರೆದು ಮುದ್ದಕ್ಕನಿಗೆ ಓದಿ ಹೇಳಿದ. ಅವಳು ತೃಪ್ತಿಯಿಂದ ಹೆಬ್ಬೆಟ್ಟು ಒತ್ತಿದಳು. ಎರಡನೆಯವಳದು ಮುಗಿಯಿತು. ಮೂರನೆಯವಳದೂ ಮುಗಿಯಿತು. ಅಷ್ಟು ಹೊತ್ತಿಗೆ ಬರವಣಿಗೆ ಸರಾಗವಾಯಿತು. ಕತ್ತು ಹಳೆಯ ಕೋನಕ್ಕೆ ಬಗ್ಗಿತು. ಮೇಜಿನ ಮೇಲೆ ನೆರಳು ಬಿತ್ತು.

"ಆಧಾರ್ ಜೆರಾಕ್ಸ್ ಇಟ್ಕಂಡು ಸಾಲಲ್ಲಿ..." ಎಂದಿತು ಬಾಯಿ.

ಮೇಜಿನ ಮೇಲೆ ಒಂದು ಜೆರಾಕ್ಸ್ ಹಾಳೆ ಬಂದು ಕೂತಿತು. ಅಂಗಡಿಯಲ್ಲಿ ಆಗ ತಾನೇ ತೆಗೆಸಿದ್ದು, ಇನ್ನೂ ಬೆಚ್ಚಗಿತ್ತು. ಅದರಲ್ಲಿ ಎರಡು ಜಡೆಯ ಒಂದು ಹುಡುಗಿ ಗಾಬರಿಯಾಗಿ ಇತ್ತ ನೋಡುತ್ತಿದ್ದಳು. ಮೂರ್ತಪ್ಪ ತಲೆ ಎತ್ತಿದ. ಎದುರಿಗೆ ಅದೇ ಹುಡುಗಿ, ಸ್ಕೂಲು ಬ್ಯಾಗು ಹೆಗಲಿಗೆ ಹಾಕಿಕೊಂಡು, ಸಾಲಿನಲ್ಲಿ ತನ್ನ ಸರದಿಗೆ ಸರಿಯಾಗಿ ನಿಂತಿದ್ದಳು.

"ಏನ್ ಪಾಪು? ಏನಾಯ್ತು? ಬಿದ್ದೇನು?"

"ಇಲ್ಲ. ಸುಮ್ನೆ ಬಂದೆ" ಎಂದಳು ಸುಷ್ಮಿತಾ. "ಈ ಸರ್ತಿ ಜೆರಾಕ್ಸ್ ತಂದೀನಿ."

ಮೂರ್ತಪ್ಪ ಆ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿದ. ದಾಖಲೆಯಲ್ಲಿ ಯಾವ ದೋಷವೂ ಇರಲಿಲ್ಲ. ನಾಲ್ಕಾಗಿ ಮಡಚಿ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡ. ಪೆನ್ನಿಗೆ ಟೋಪಿ ಹಾಕಿದ. ಆಮೇಲೆ ಕೈ ಚಾಚಿ ಮೇಜಿನ ಮೂಲೆಯ ಬೋರ್ಡನ್ನು ತಿರುಗಿಸಿದ.

ಹದಿನೆಂಟು ವರ್ಷದಲ್ಲಿ ಯಾರೂ ಕಾಣದ ಆ ಮಗ್ಗುಲನ್ನು ಸಾಲಿನವರೆಲ್ಲ ಬಗ್ಗಿ ಬಗ್ಗಿ ಓದಿದರು. ಹೊಸ ಅರ್ಜಿಗೆಂದು ಸಾಲಿನ ಕೊನೆಯಲ್ಲಿ ನಿಂತಿದ್ದ ಮೂಡಲಗಿರಿಯಪ್ಪ, "ಏನಪ್ಪ ಮೂರ್ತಪ್ಪ, ಒಂಬತ್ತೂವರೆಗೇ ಊಟಾನಾ?" ಎಂದು ಕೂಗಿದ.

"ಹೂಂ" ಎಂದ ಮೂರ್ತಪ್ಪ. ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಅರ್ಧ ಜಾಗ ಮಾಡಿದ. "ಬಾ ಪಾಪು, ಕುಂತ್ಕ. ಮೊದ್ಲು ನಿನ್ ಗೆಳತಿ ಹೆಸರೇನು ಹೇಳು."